ಬಣ್ಣಕ್ಕೆ ಹುಟ್ಟಿದ ಅಣ್ಣ

ಬೀದಿಯವರೆಲ್ಲ ಅವಳನ್ನು ಪೇಂಟರಮ್ಮ ಅಂತಲೇ ಕರೆಯುತ್ತಿದ್ದರು. ಅಪ್ಪನ ಜೊತೆ ಏಣಿ ಹತ್ತಿ ಕಲಿತ ಕೆಲಸ. ನಲವತ್ತು ದಾಟಿದರೂ ಕೈ ನಡುಗದು, ಬಾಯಿ ಸುಮ್ಮನಿರದು. ಮನೆ ನಂಬರ್ ನೋಡುವ ಅಭ್ಯಾಸ ಮಾತ್ರ ಇಲ್ಲ.

"ಮೂಲೆ ಮನೆ, ಹಸಿರು ಗೇಟು" ಅಂತ ಯಾರೋ ಫೋನಿನಲ್ಲಿ ಹೇಳಿದ್ದರು. ಅವಳು ಹೋಗಿ ಕಾಂಪೌಂಡ್ ಗೋಡೆ ಕೆರೆದು, ಬಿರುಕು ಮುಚ್ಚಿ, ಎರಡು ದಿನ ಬಣ್ಣ ಬಳಿದಳು. ಮನೆ ಯಜಮಾನ, ನಿವೃತ್ತ ಗುಮಾಸ್ತ, ಕಿಟಕಿಯಲ್ಲಿ ಕೂತು ನೋಡುತ್ತಲೇ ಇದ್ದ. ಒಮ್ಮೆ "ಅಲ್ಲೊಂಚೂರು ಬಿಟ್ಟಿದೆ ನೋಡಮ್ಮಾ" ಅಂತ ಬೆರಳು ತೋರಿಸಿದ್ದೂ ಉಂಟು.

ಮೂರನೆಯ ದಿನ ಫೋನ್ ಬಂತು. "ಯಾವಾಗ ಬರ್ತೀರಿ? ಕಾದು ಕಾದು ಸಾಕಾಯ್ತು." ಹಸಿರು ಗೇಟಿನ ಮೂಲೆ ಮನೆ ಪಕ್ಕದ ರಸ್ತೆಯಲ್ಲೂ ಒಂದಿತ್ತು! ಪೇಂಟರಮ್ಮ ಗುಮಾಸ್ತನ ಮನೆಗೆ ಓಡಿದಳು.

ಗುಮಾಸ್ತನನ್ನು ಕೂಲಿ ಕೇಳಿದರೆ ಆಸಾಮಿ ನಕ್ಕ. "ನಾನು ಕರೆದ್ನಾ? ನೀವೇ ಬಂದ್ರಿ, ನೀವೇ ಬಳಿದ್ರಿ. ತಂಗಿ ಅಣ್ಣನಿಗೆ ಪ್ರೀತಿಯಿಂದ ಮಾಡಿಕೊಟ್ಟ ಹಾಗೆ ಅಂದ್ಕೊಂಡೆ."

"ತಂಗಿನಾ?"

"ಮತ್ತೆ? ಒಡಹುಟ್ಟಿದ ತಂಗಿ ಇದ್ದ ಹಾಗೆ."

ಅವಳು ಏಣಿಯನ್ನು ಅಲ್ಲೇ ಒರಗಿಸಿ ತನ್ನ ಮನೆಗೆ ಹೋದಳು. ಮಧ್ಯಾಹ್ನ ಬಟ್ಟೆ ಗಂಟು, ದಿಂಬು ಹೊತ್ತು ಬಂದು ನೆಟ್ಟಗೆ ನಡುಮನೆಗೆ ನುಗ್ಗಿದಳು. "ಅತ್ತಿಗೆ, ತವರಿಗೆ ಬಂದಿದೀನಿ. ಒಂದು ತಿಂಗಳು ಇರ್ತೀನಿ. ಊಟಕ್ಕೇನು?" ಅಂದವಳೇ ಗುಮಾಸ್ತನ ಆರಾಮಕುರ್ಚಿಯಲ್ಲಿ ಕಾಲು ಚಾಚಿದಳು. ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ, ತಟ್ಟೆ ತಂದಿಟ್ಟೇಬಿಟ್ಟಳು. "ಅಣ್ಣಾ, ಅಪ್ಪನ ಆಸ್ತೀಲಿ ನನ್ನ ಪಾಲಿನ ಮಾತು ಸಂಜೆಗೆ ಆಡೋಣ" ಅಂತ ಪೇಂಟರಮ್ಮ ತುತ್ತು ಎತ್ತಿದಳು.

ಗುಮಾಸ್ತ ಕೆಂಡಾಮಂಡಲವಾದ. "ಏನ್ರೀ ಇದು! ನೀವ್ಯಾರೋ, ನಾನ್ಯಾರೋ!"

"ಹಾಂ! ಅದನ್ನ ಇನ್ನೊಂದ್ಸಲ ಹೇಳಿ. ಯಾರೋ ಯಾರಿಗೋ ಎರಡು ದಿನ ಬಿಸಿಲಲ್ಲಿ ಬೆಂದು ಪುಕ್ಕಟೆ ಬಣ್ಣ ಬಳೀತಾರಾ? ತಪ್ಪಿ ಬಂದಿದೀನಿ ಅಂತ ನಿಮಗೆ ಗೊತ್ತಿತ್ತು. ಬೇಡ ಅನ್ನೋಕೆ ಬಾಯಿ ಇರ್ಲಿಲ್ಲ, ಬಿಟ್ಟ ಜಾಗ ತೋರ್ಸೋಕೆ ಬೆರಳಿತ್ತಲ್ಲ?"

"ಸರಿಯಾಗೇ ಕೇಳಿದ್ರು" ಅಂದಳು ಹೆಂಡತಿ. "ಮೊದಲ ದಿನಾನೇ ಬಡ್ಕೊಂಡೆ, ಕರೆದು ಕೇಳ್ರೀ ಅಂತ. 'ಸುಮ್ನಿರೇ, ಬಿಟ್ಟಿ ಸಿಗ್ತಿದೆ' ಅಂದ್ರು."

ಗುಮಾಸ್ತ ಇಂಗು ತಿಂದ ಮಂಗನಂತಾದ. ಬಣ್ಣದ ಖರ್ಚು, ಎರಡು ದಿನದ ಕೂಲಿ ತಂದುಕೊಟ್ಟ. ನಂಬರ್ ನೋಡದಿದ್ದದ್ದು ತನ್ನ ತಪ್ಪೂ ಹೌದು ಅಂತ ಪೇಂಟರಮ್ಮ ಅರ್ಧ ದಿನದ ಕೂಲಿ ಹಿಂದಿರುಗಿಸಿದಳು. ಅವನ ಕೈಗಲ್ಲ, ಹೆಂಡತಿಯ ಕೈಗೆ. ಆಮೇಲೆ ಏಣಿ ಹೆಗಲಿಗೇರಿಸಿ ಪಕ್ಕದ ರಸ್ತೆಗೆ ಹೊರಟಳು. ಅಲ್ಲಿ ಬೈಗುಳ ಕಾದಿತ್ತು.