ಹತ್ತರಗಿ ಗುಡ್ಡದ ನೀಲಿ ಚಿಟ್ಟೆಗಳು

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾನು ಹುಕ್ಕೇರಿಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ಹತ್ತರಗಿ ಬಳಿಯ ಹುಲ್ಲುಗುಡ್ಡದ ಅರ್ಧಕ್ಕೆ ಹಿಂದೊಮ್ಮೆ ನಾನೇ ನಿಂತು ಅಕೇಶಿಯಾ ಸಸಿ ಹಚ್ಚಿಸಿದ್ದೆ. ಉಳಿದರ್ಧಕ್ಕೂ ಹಚ್ಚುವ ಪ್ರಸ್ತಾವಕ್ಕೆ ಸಹಿ ಹಾಕಿ ಕಳಿಸಿಯಾಗಿತ್ತು. ಗುಂಡಿ ತೋಡುವ ಮೊದಲು ಚಿಟ್ಟೆ ಗಣತಿ ಮಾಡಿರೆಂದು ಮೇಲಧಿಕಾರಿ ಸೂಚಿಸಿದರು. ಚಿಟ್ಟೆಯ ಮರಿಹುಳು ಕೆಲವೇ ಗಿಡಗಳನ್ನು ತಿನ್ನುತ್ತದೆ; ಆ ಗಿಡ ಹೋದರೆ ಚಿಟ್ಟೆಯೂ ಹೋಗುತ್ತದೆ. ಹಾಗಾಗಿ ಪರಿಸರ ಬದಲಾದದ್ದನ್ನು ಅದು ಬೇಗ ತಿಳಿಸುತ್ತದೆ.

ದಾರಿ ತೋರಿಸಲು ಬಂದವರು ಖಾತೂನಬಿ. ಆ ಗುಡ್ಡದ ಹುಲ್ಲು ಕೊಯ್ದೇ ಎಮ್ಮೆ ಸಾಕಿದ, ಮಾತು ಕಡಿಮೆಯ ಹೆಂಗಸು.

ಮಳೆ ಹಿಂದೆ ಸರಿದಿದ್ದ ಮುಂಜಾನೆ. ಮಂಜು ಇನ್ನೂ ಹುಲ್ಲಿನ ಮೇಲೇ ಮಲಗಿತ್ತು. ಟ್ರಾನ್ಸೆಕ್ಟ್, ಅಂದರೆ ಗೊತ್ತುಮಾಡಿದ ಒಂದೇ ದಾರಿಯಲ್ಲಿ ನಿಧಾನ ನಡೆಯುತ್ತ ಎರಡೂ ಬಾಜೂ ಕಂಡ ಚಿಟ್ಟೆಗಳನ್ನು ಬರೆದುಕೊಳ್ಳುವುದು, ಅಷ್ಟೇ ನನ್ನ ಕೆಲಸ. ಬಿಸಿಲು ಹುಲ್ಲಿನ ತೆನೆ ಮುಟ್ಟಿತು. ಹೆಜ್ಜೆ ಇಟ್ಟಲ್ಲೆಲ್ಲ ಉಗುರಿನಷ್ಟೇ ಅಗಲದ ನೀಲಿ ಚಿಟ್ಟೆಗಳು ಎದ್ದವು. ನೆಲವೇ ಉಸಿರು ಬಿಟ್ಟು ಮತ್ತೆ ಎಳೆದುಕೊಂಡಂತೆ ಏಳುತ್ತ, ಕೂಡುತ್ತ ಹೋದವು. ನಾನು ಬರೆಯುವುದನ್ನು ಮರೆತು ನಿಂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. ಖಾತೂನಬಿಯೂ ಅವಸರ ಮಾಡಲಿಲ್ಲ.

ಆಮೇಲೆ ನಮ್ಮ ಅಕೇಶಿಯಾ ನೆಡುತೋಪಿಗೆ ಬಂದೆವು. ಒಳಗೆ ತಂಪಿತ್ತು, ಒಣ ಎಲೆಯ ಸಪ್ಪಳವಿತ್ತು. ಆ ತುದಿಯವರೆಗೆ ನಡೆದರೂ ಪುಸ್ತಕದ ಹಾಳೆ ಖಾಲಿಯೇ ಉಳಿಯಿತು. ಯಾಕೆ ಹೀಗೆಂದು ಅವರನ್ನು ಕೇಳಿದೆ.

“ನೆಳ್ಳು ಬಿದ್ದು ಹುಲ್ಲು ಸತ್ತೈತ್ರಿ ಸಾಹೇಬ್ರ. ಹುಲ್ಲಿನ ಕೂಡ ಹಬ್ಬತಿದ್ದ ಬಳ್ಳಿನೂ ಹ್ವಾದ್ವು. ಪಾತರಗಿತ್ತಿ ತತ್ತಿ ಎಲ್ಲಿ ಇಡಬೇಕ್ರಿ?”

ಸಸಿ ಹಚ್ಚುವಾಗಲೇ ಯಾಕೆ ಹೇಳಲಿಲ್ಲ ಅಂದೆ.

“ಆವಾಗ ನೀವು ಕೇಳಲೇ ಇಲ್ಲಲ್ರಿ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಮರುದಿನ ಪ್ರಸ್ತಾವ ಹಿಂಪಡೆಯಲು ಬರೆದೆ. ನನ್ನ ಹಿಂದಿನ ಕೆಲಸವೇ ತಪ್ಪೆಂದು ಒಪ್ಪುವ ಪತ್ರ ಅದು. ಮೂರು ಸಲ ಹರಿದು ಬರೆದೆ. ನಿವೃತ್ತಿ ಹೊತ್ತಿಗೆ ಇದು ಬೇಕಿತ್ತೇ ಎಂದು ಜತೆಯವರು ನಕ್ಕರು. ಮೇಲಧಿಕಾರಿ ಮಾತ್ರ ನಗಲಿಲ್ಲ. ಗುಡ್ಡಕ್ಕೇ ಬಂದು, ಎರಡೂ ಕಡೆ ಒಂದು ತಾಸು ನಡೆದು, ಗುಂಡಿ ತೋಡುವುದನ್ನು ನಿಲ್ಲಿಸಿದರು. ನೆಡುತೋಪಿನ ಅಂಚಿನ ಒಂದು ಪಟ್ಟಿಯಲ್ಲಿ ಮರ ತೆಗೆಯಲೂ ಒಪ್ಪಿದರು.

ಮುಂದಿನ ಮಳೆಗಾಲ ಕಳೆದಾಗ ಆ ಪಟ್ಟಿಯಲ್ಲಿ ಹುಲ್ಲು ವಿರಳವಾಗಿ ಚಿಗುರಿತ್ತು. ಚಿಟ್ಟೆ ಒಂದೂ ಇರಲಿಲ್ಲ. ನನ್ನ ಸೇವೆಯ ಕೊನೆಯ ವರ್ಷ ಒಂದೇ ಒಂದು ನೀಲಿ ಚಿಟ್ಟೆ ಅಲ್ಲಿ ಸುತ್ತಾಡಿ, ಎಲ್ಲೂ ಕೂಡದೆ, ಹಾರಿಹೋಯಿತು. ಅದನ್ನೂ ಬರೆದುಕೊಂಡೆ.

ಕಾಡು ಬೆಳೆಸುವುದೇ ನನ್ನ ಕೆಲಸವೆಂದು ಸೇವೆಯುದ್ದಕ್ಕೂ ನಂಬಿದ್ದೆ. ಒಂದು ನೆಲ ಆಗಲೇ ಏನನ್ನು ಸಾಕುತ್ತಿದೆ ಎಂದು ಅದರ ಮೇಲೆ ನಡೆದಾಡುವವರನ್ನು ಮೊದಲು ಕೇಳುವುದೂ ಅದೇ ಕೆಲಸ ಎಂಬುದು ತಡವಾಗಿ ತಿಳಿಯಿತು.