ಕೊನೆಗೆ ತಟ್ಟುವ ಬಾಗಿಲು

— ಇಲ್ಲ, ಗಡಿಯಾರ ಮುಂದಿರಲಿಲ್ಲ. ಮುಂದಿತ್ತು ಎಂದು ಎಷ್ಟು ಸಲ ಹೇಳಿದ್ದೇನೆಂದರೆ, ಅದರ ಮುಳ್ಳುಗಳು ಮುಂದೆ ಓಡಿ ನಿಂತದ್ದು ಈಗ ನನ್ನ ಕಣ್ಣಿಗೇ ಕಟ್ಟುತ್ತದೆ. ಗಡಿಯಾರ ಸರಿಯಾಗಿತ್ತು. ಆ ವಿಜಯದಶಮಿಯ ಬೆಳಿಗ್ಗೆ ಗನಿಯ ಬಾಗಿಲನ್ನು ನಾನು ಸರಿಯಾದ ಹೊತ್ತಿಗೇ ತಟ್ಟಿದೆ. ತಟ್ಟಿ, ತಡವಾಗಿದೆ ಎಂದು ಸುಳ್ಳು ಹೇಳಿದೆ. ಆ ಬೆಳಗಿನ ನಂತರ ಗನಿ ಮತ್ತೆ ಓಡಲಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಬಹುದಿತ್ತು. ಆದರೆ ಈ ಮೂರು ಮಾತುಗಳ ನಡುವೆ ಏನೇನೋ ಇದೆ — ಅದರಲ್ಲಿ ಯಾವುದು ಆಗ ನಡೆದದ್ದು, ಯಾವುದು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನೋಡಬೇಕು ಅನ್ನಿಸುತ್ತಿದೆ. ಮುಚ್ಚಿಟ್ಟದ್ದನ್ನು ಬಿಚ್ಚುವಾಗಲೂ ನನಗೆ ಮೊದಲು ಬರುವುದು ಕುತೂಹಲವೇ. ಪಶ್ಚಾತ್ತಾಪ ಅದರ ಹಿಂದೆ ನಡೆದುಕೊಂಡು ಬರುತ್ತದೆ. ನನ್ನ ದೋಷವೇ ಅದಿರಬೇಕು.

ಎಪ್ಪತ್ತರ ದಶಕದ ಕೊನೆ. ಆಗ ದಾವಣಗೆರೆಯಲ್ಲಿ ಬೆಳಗಿನ ಜಾವ ಚಡ್ಡಿ ಹಾಕಿಕೊಂಡು ಕಾರಣವಿಲ್ಲದೆ ಓಡುವವರನ್ನು ಕಂಡರೆ ನಾಯಿಗಳು ಅಟ್ಟಿಸಿಕೊಂಡು ಬರುತ್ತಿದ್ದವು, ಮನುಷ್ಯರು ಯಾರು ಸತ್ತರು ಎಂದು ಕೇಳುತ್ತಿದ್ದರು. ನಾವು ಏಳೆಂಟು ಜನ. ಎಂ.ಸಿ.ಸಿ. ಬಡಾವಣೆಯಲ್ಲಿದ್ದ ಪಿ.ಟಿ. ಮೇಷ್ಟ್ರು ಕಟ್ಟಿದ ಬಳಗ. ಮೇಷ್ಟ್ರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು. ನಮ್ಮಲ್ಲಿ ಅತಿ ನಿಧಾನ ಅವರೇ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಕೊಟ್ರೇಶಿ ಬರಿಗಾಲಲ್ಲಿ ಓಡುತ್ತಿದ್ದ. ನಾನು ಬಟ್ಟೆ ಮಿಲ್ಲೊಂದರ ಆಫೀಸಿನಲ್ಲಿ ಗುಮಾಸ್ತ. ಗನಿ ನಿಟ್ಟುವಳ್ಳಿಯ ಟೇಲರ್, ನನಗಿಂತ ಚಿಕ್ಕವನು. ಮಿಲ್ಲಿನಿಂದ ನಾನು ತಂದ ತುಂಡು ಬಟ್ಟೆಯಲ್ಲಿ ಎಲ್ಲರಿಗೂ ಚಡ್ಡಿ ಹೊಲಿದು ಕೊಟ್ಟವನು ಅವನೇ. ಹಾಸಿಗೆಗೆ ಹೊಲಿಯುವ ಪಟ್ಟಾಪಟ್ಟಿ ಬಟ್ಟೆ ಅದು. ನಾವು ಓಡುತ್ತಿದ್ದರೆ ಒಂದು ಹಾಸಿಗೆ ಅಂಗಡಿಯೇ ಎದ್ದು ಹೊರಟಂತೆ ಕಾಣುತ್ತಿತ್ತು.

ದಸರಾ ರಜೆ ಬಂತೆಂದರೆ ನಮಗೆ ಹುಚ್ಚು. ಬೆಳಿಗ್ಗೆ ಓಟ, ಸಂಜೆ ಮೇಷ್ಟ್ರ ಮನೆಯ ಜಗಲಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ. ಆಯುಧ ಪೂಜೆಯ ದಿನ ಊರೆಲ್ಲ ಲಾರಿ, ಮಗ್ಗ, ತಕ್ಕಡಿಗಳಿಗೆ ಪೂಜೆ ಮಾಡಿದರೆ ನಾವು ಅದೇ ಜಗಲಿಯಲ್ಲಿ ಕ್ಯಾನ್ವಾಸ್ ಶೂಗಳನ್ನು ಸಾಲಾಗಿಟ್ಟು ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದೆವು. ಒಂದು ಸಲ ಶೂ ಇಲ್ಲದ ಕೊಟ್ರೇಶಿ ಸಾಲಿನ ಕೊನೆಗೆ ಕಾಲು ಚಾಚಿ ಕೂತ.

"ಮೇಷ್ಟ್ರೇ, ನನ್ ಆಯುಧ ಇವೇ ನೋಡ್ರಿ. ಇವಕ್ಕೂ ಹಚ್ರಿ."

"ಮೊದ್ಲು ತೊಳ್ಕಂಡು ಬಾರಲೇ. ಕುಂಕುಮ ದಂಡ ಆಗ್ತೈತೆ."

ಮರುದಿನ, ವಿಜಯದಶಮಿಯ ಬೆಳಿಗ್ಗೆ, ಹರಿಹರದ ಓಟ. ಪಿ.ಬಿ. ರಸ್ತೆ ಹಿಡಿದು ತುಂಗಭದ್ರೆಯ ಸೇತುವೆಯವರೆಗೆ. ಇದಕ್ಕೆ ಮೇಷ್ಟ್ರು ಮಾಡಿದ ಕಟ್ಟಳೆ ಒಂದೇ — ಹೊರಡುವುದು ಬೇರೆ ಬೇರೆ, ಸೇತುವೆ ಮುಟ್ಟುವುದು ಎಲ್ಲರೂ ಒಟ್ಟಿಗೆ. ನಿಧಾನದವರು ಮೊದಲು, ವೇಗದವರು ಆಮೇಲೆ. ಉಳಿದ ದಿನಗಳಲ್ಲಿ ಮಿಲ್ಲಿನ ಸೈರನ್ ನಮ್ಮನ್ನು ಎಬ್ಬಿಸುತ್ತಿತ್ತು. ಹಬ್ಬಕ್ಕೆ ಮಿಲ್ಲು ಬಂದ್. ಆದ್ದರಿಂದ ಒಬ್ಬ ಸೈಕಲ್ಲಿನಲ್ಲಿ ಮನೆ ಮನೆಗೆ ಹೋಗಿ, ಕೈಗಡಿಯಾರ ನೋಡಿ, ಲೆಕ್ಕ ಹಾಕಿದ ಹೊತ್ತಿಗೆ ಬಾಗಿಲು ತಟ್ಟಬೇಕು. ತಟ್ಟಿದ ಕೂಡಲೇ ಆ ಮನೆಯವನು ಎದ್ದು ಹೊರಡಬೇಕು. ಕೊನೆಯ ಬಾಗಿಲು ಎಲ್ಲರಿಗಿಂತ ವೇಗದವನದು. ದಾರಿಯಲ್ಲಿರುವ ಬನ್ನಿ ಗಿಡದಿಂದ ಸೊಪ್ಪು ಕಿತ್ತು ತರುವುದೂ ಅವನ ಪಾಲಿನ ಕೆಲಸ. ಸೇತುವೆಯ ಬಳಿ ಅವನು ಎಲ್ಲರ ಕೈಗೂ ಬನ್ನಿ ಕೊಡುತ್ತಿದ್ದ. ನಾವು ಬಂಗಾರದ ಹಾಗಿರೋಣ ಎಂದು ಹೇಳಿ, ಹೊಳೆಗೆ ಇಳಿದು ಸ್ನಾನ ಮಾಡುತ್ತಿದ್ದೆವು. ಊರವರು ಸಂಜೆ ಮುಡಿಯುವ ಬನ್ನಿಯನ್ನು ನೀವು ಬೆಳಿಗ್ಗೆಯೇ ಮುಡಿಯುತ್ತೀರಲ್ಲ ಎಂದು ಮೇಷ್ಟ್ರ ಹೆಂಡತಿ ಪ್ರತಿ ವರ್ಷ ಬೈಯುತ್ತಿದ್ದರು.

ಗನಿ ಬರುವ ಮೊದಲು ಆ ಕೊನೆಯ ಬಾಗಿಲು ನನ್ನದಾಗಿತ್ತು.

ಇದನ್ನು ಬೇಗ ಹೇಳಿಬಿಡಬೇಕು, ಇಲ್ಲದಿದ್ದರೆ ಹೇಳದೆಯೇ ಮುಗಿಸಿಬಿಡುತ್ತೇನೆ. ಗನಿ ಬಂದ ವರ್ಷವೇ ನಾನು ಮಂಡಿ ನೋವೆಂದು ಓಟ ಬಿಟ್ಟೆ, ಸೈಕಲ್ ಹಿಡಿದೆ. ಮಂಡಿ ನೋಯುತ್ತಿತ್ತು, ಸುಳ್ಳಲ್ಲ. ಎಷ್ಟು ನೋಯುತ್ತಿತ್ತು — ಅದು ಬೇರೆ ಪ್ರಶ್ನೆ. ಗನಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತೇ? ಹುಡುಕಿದ್ದೇನೆ, ಸಿಗುವುದಿಲ್ಲ. ಸಿಗುವುದು ಅವನನ್ನು ನೋಡುತ್ತಾ ನಿಂತ ನಾನು. ಅವನು ಓಡುವಾಗ ಶಬ್ದವೇ ಬರುತ್ತಿರಲಿಲ್ಲ. ಎಂದೂ ಏದುಸಿರು ಬಿಡಲಿಲ್ಲ. ನಮ್ಮ ಜೊತೆ ಓಡುವಾಗ ನಮಗೆ ಬೇಸರವಾಗಬಾರದೆಂದು ತನ್ನನ್ನು ಹಿಡಿದುಕೊಳ್ಳುತ್ತಾನೆ ಎಂದು ನನಗೆ ಅನುಮಾನ. ಹಿಡಿದುಕೊಳ್ಳದಿದ್ದರೆ ಇವನು ಎಷ್ಟು ವೇಗ ಓಡಬಲ್ಲ? ಈ ಪ್ರಶ್ನೆ ನನ್ನ ತಲೆಯೊಳಗೆ ಹಲ್ಲುನೋವಿನ ಹಾಗೆ ಕೂತಿತ್ತು.

ನಾನು ಸುಳ್ಳು ಹೇಳಿದ ಆ ವರ್ಷ, ರಜೆ ಮುಗಿದ ಮೇಲೆ ಬೆಂಗಳೂರಿನಲ್ಲಿ ಒಂದು ಆಯ್ಕೆಯ ಓಟವಿತ್ತು. ಗೆದ್ದವರಿಗೆ ಸರ್ಕಾರಿ ಕೆಲಸ. ಮೇಷ್ಟ್ರು ಓಡಾಡಿ ಗನಿಯ ಹೆಸರು ಸೇರಿಸಿದ್ದರು. ತಂದೆಯಿಲ್ಲದ ಮನೆ, ಬಾಡಿಗೆ ಅಂಗಡಿ, ಅದಕ್ಕೆ ಒಂದೇ ಮಷೀನು. ಆ ಓಟ ಅವನ ಪಾಲಿಗೆ ಏನೆಂದು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಆಯುಧ ಪೂಜೆಯ ಸಂಜೆ ಅವನು ಜಗಲಿಗೆ ಒಂದು ಗಳಿಗೆ ಬಂದು ಹೋದ. ಹಬ್ಬದ ಬಟ್ಟೆಗಳು ರಾಶಿ ಬಿದ್ದಿದ್ದವು, ರಾತ್ರಿಯೆಲ್ಲ ಮಷೀನು ತುಳಿಯಬೇಕಿತ್ತು. ಶೂ ಬಿಚ್ಚಿ ಸಾಲಿನಲ್ಲಿಟ್ಟು, ಕಾಲನ್ನು ಒತ್ತಿಕೊಳ್ಳುತ್ತಾ ಹೇಳಿದ —

"ಮಂಜಣ್ಣ, ಹಿಮ್ಮಡಿ ಮ್ಯಾಲಿನ ನರ ಹಿಡ್ಕಂಡೈತೆ. ತುಳಿದು ತುಳಿದು ಹಿಂಗಾಗೈತೆ ನೋಡು."

ಹೇಳಿದನೇ? ಜಗಲಿ ಕಾಣುತ್ತದೆ, ಊದಿನಕಡ್ಡಿಯ ಹೊಗೆ ಕಾಣುತ್ತದೆ, ಹಿಮ್ಮಡಿಯ ಮೇಲೆ ಅವನ ಹೆಬ್ಬೆರಳು ಕಾಣುತ್ತದೆ. ಆದರೆ ಇದೇ ಮಾತನ್ನು ಇದೇ ಹೆಬ್ಬೆರಳು ಒತ್ತುತ್ತಾ ಅವನು ಮರುದಿನ ಸೇತುವೆಯ ಕಲ್ಲಿನ ಮೇಲೆ ಕೂತು ಹೇಳಿದ್ದೂ ಕಾಣುತ್ತದೆ. ಎರಡು ಕಡೆಯೂ ಹೇಳಿರಬಹುದು. ಅಥವಾ ಒಂದೇ ಕಡೆ ಹೇಳಿ — ಅದನ್ನು ಆಮೇಲೆ ನೋಡೋಣ.

ಬೆಳಿಗ್ಗೆ ಮೇಷ್ಟ್ರನ್ನು ಎಬ್ಬಿಸಿದೆ, ಕೊಟ್ರೇಶಿಯನ್ನು ಎಬ್ಬಿಸಿದೆ, ಉಳಿದವರನ್ನೂ ಎಬ್ಬಿಸಿದೆ. ನಿಟ್ಟುವಳ್ಳಿಗೆ ಹೋದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಬಾಗಿಲು ತೆರೆದದ್ದು ಗನಿಯ ತಾಯಿ.

"ಈಗಷ್ಟೇ ಅಡ್ಡಾಗ್ಯಾನಪ್ಪಾ. ಇವತ್ತೊಂದಿನ ಬಿಡ್ರಿ ಅವನ್ನ."

ಆ ಮಾತು ಕೇಳಿಸದವನ ಹಾಗೆ ಒಳಗೆ ಕೂಗಿದೆ. ಏನು ಕೂಗಬೇಕೆಂದು ಮೊದಲೇ ಯೋಚಿಸಿಕೊಂಡು ಹೋಗಿದ್ದೆನೇ, ಆ ಕ್ಷಣಕ್ಕೆ ಬಂತೇ — ಮೊದಲೇ ಯೋಚಿಸಿದ್ದೆ. ಹೌದು.

"ಗನಿ, ತಡ ಆತು. ಎಲ್ಲಾರೂ ಹೋಗಿಬಿಟ್ರು. ಓಡು."

ಅವನು ಮುಖಕ್ಕೆ ನೀರು ಕೂಡ ಹಾಕಿಕೊಳ್ಳಲಿಲ್ಲ. ಬೀದಿ ದಾಟಿ, ರಸ್ತೆಗೆ ಬಿದ್ದ. ನಾನು ಎಲ್ಲರ ಒಣ ಬಟ್ಟೆಯ ಗಂಟು ಸೈಕಲ್ಲಿಗೆ ಕಟ್ಟಿಕೊಂಡು ಹಿಂದೆ ಹೊರಟೆ. ಮತ್ತೆ — ಇದನ್ನು ಹೇಳದೆ ಹೇಗಿರಲಿ — ನಾನು ಬಹಳ ಸಂತೋಷವಾಗಿದ್ದೆ. ರಸ್ತೆಯಲ್ಲಿ ಹಿಂದಿನ ದಿನ ಒಡೆದ ಕುಂಬಳಕಾಯಿಗಳ ಕೆಂಪು, ನಿಂತ ಲಾರಿಗಳಿಗೆ ಕಟ್ಟಿದ ಬಾಳೆಕಂದು, ಎರಡೂ ಕಡೆ ಭತ್ತದ ಗದ್ದೆ, ಮುಂದೆ ಗನಿ. ಸೈಕಲ್ ತುಳಿದು ನನಗೆ ಉಸಿರು ಬರುತ್ತಿರಲಿಲ್ಲ, ಆದರೂ ಅವನು ದೂರವಾಗುತ್ತಲೇ ಇದ್ದ. ಮನುಷ್ಯನೊಬ್ಬ ಹಾಗೆ ಓಡಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಬನ್ನಿ ಗಿಡದ ಹತ್ತಿರ ಅವನು ನಿಂತ. ಮುಂದೆ ರಸ್ತೆಯಲ್ಲಿ ನಮ್ಮವರು ಯಾರೂ ಇನ್ನೂ ಕಾಣುತ್ತಿರಲಿಲ್ಲ. ಕೈಗೆ ಸಿಗುವ ಟೊಂಗೆಗಳನ್ನೆಲ್ಲ ಜನ ಆಗಲೇ ಬೋಳಿಸಿದ್ದರು. ಅವನು ಎಗರಿ ಮೇಲಿನ ಟೊಂಗೆ ಹಿಡಿದ, ಸೊಪ್ಪು ಕಿತ್ತ, ಕೆಳಗೆ ಬಿದ್ದ ಹಾಗೆ ಇಳಿದ. ಆಗ ದಾರ ಕಡಿದ ಹಾಗೆ ಒಂದು ಸಣ್ಣ ಶಬ್ದ ಕೇಳಿಸಿತು ಎಂದು ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ಟೇಲರನ ಕಾಲಿನಲ್ಲಿ ದಾರ ಕಡಿಯುವುದು ತೀರಾ ಅಚ್ಚುಕಟ್ಟಾಯಿತು. ನಾನಿದ್ದಷ್ಟು ದೂರಕ್ಕೆ ಅಂಥದ್ದು ಕೇಳಿಸುವುದೂ ಇಲ್ಲ.

ಕೇಳಿಸಿದ್ದು ಇಷ್ಟು. ಅವನು ಒಂದು ಕಾಲೆತ್ತಿ ನಿಂತು, ಹಿಂತಿರುಗಿ, ಕೂಗಿ ಕೇಳಿದ — "ಭಾಳ ತಡ ಆಗೈತೇನು?"

ಇಲ್ಲ, ಎನ್ನಬಹುದಿತ್ತು. ನಗಬಹುದಿತ್ತು, ಸುಮ್ಮನೆ ಹೇಳಿದೆ ಮಾರಾಯ ಅನ್ನಬಹುದಿತ್ತು. ಅವನ ಮುಖ ಕಿವುಚಿದ್ದು ಕಂಡಿತ್ತು. ಎತ್ತಿದ ಕಾಲನ್ನು ನೆಲಕ್ಕೆ ಊರದೆಯೇ ಅವನು ಅಂಗಿಯ ಜೇಬಿಗೆ ಸೊಪ್ಪು ತುರುಕುತ್ತಿದ್ದದ್ದೂ ಕಂಡಿತ್ತು.

"ಓಡು" ಅಂದೆ.

ಅವನು ಓಡಿದ. ಹರಿಹರ ಇನ್ನೂ ದೂರವಿರುವಾಗಲೇ ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿದ. ಕೊಟ್ರೇಶಿ "ಲೇ ಗನಿ, ಬೆನ್ನಿಗೆ ಹುಲಿ ಬಿದ್ದೈತೇನಲೇ!" ಎಂದು ಕೂಗಿದನಂತೆ. ನಾವೆಲ್ಲ ಸೇತುವೆ ಮುಟ್ಟಿದಾಗ ಅವನು ಕಲ್ಲಿನ ಮೇಲೆ ಕೂತಿದ್ದ, ಶೂ ಬಿಚ್ಚಿದ್ದ, ಕಾಲು ಊದಿತ್ತು. ನನ್ನನ್ನು ನೋಡಿ, ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ —

"ಮಂಜಣ್ಣ, ನಿನ್ ಗಡಿಯಾರ ಏನಾರ ಮುಂದೈತೇನು?"

"ಹೂಂ, ಮುಂದೈತೆ ಕಾಣ್ತೈತೆ" ಅಂದೆ.

ಎಲ್ಲರೂ ನಕ್ಕರು. ನನ್ನ ಭಾವ ಕೊಟ್ಟಿದ್ದ ಆ ಗಡಿಯಾರವನ್ನು ಹೊಳೆಗೆ ಎಸೆಯೋಣ ಎಂದರು ಮೇಷ್ಟ್ರು. ಗನಿಯೂ ನಕ್ಕ. ಕೂತಲ್ಲಿಂದಲೇ ಎಲ್ಲರಿಗೂ ಬನ್ನಿ ಕೊಟ್ಟ, ನನಗೂ ಕೊಟ್ಟ. "ಬಂಗಾರದಂಗಿರೋಣ" ಅಂದ. ತಗೊಂಡೆ.

ಯಾರೂ ಯೋಚಿಸಲಿಲ್ಲ. ಗಡಿಯಾರ ಮುಂದಿದ್ದರೆ ಮೇಷ್ಟ್ರ ಬಾಗಿಲಿಗೂ ಮುಂದೆಯೇ, ಗನಿಯ ಬಾಗಿಲಿಗೂ ಮುಂದೆಯೇ. ನಡುವಿನ ಅಂತರ ಅಷ್ಟೇ ಇರುತ್ತದೆ. ಅದರಿಂದ ಯಾರಿಗೂ ತಡವಾಗುವುದಿಲ್ಲ. ಒಂದು ಗಳಿಗೆ ಕೂತು ಲೆಕ್ಕ ಹಾಕಿದ್ದರೆ ಯಾರಿಗಾದರೂ ಹೊಳೆಯುತ್ತಿತ್ತು. ದಿನವಿಡೀ ಟೇಪು ಹಿಡಿದು ಅಳೆಯುವ ಗನಿಗೆ ಹೊಳೆಯಲಿಲ್ಲವೇ?

ಇನ್ನೊಂದು ಇದೆ, ಇದನ್ನು ಹೇಳಿದರೆ ನೀವು ನನ್ನನ್ನು ಹುಚ್ಚನೆನ್ನಬಹುದು. ಅವನು ಎಷ್ಟು ಹೊತ್ತಿನಲ್ಲಿ ಸೇತುವೆ ಮುಟ್ಟಿದ ಎಂದು ನನಗೆ ಗೊತ್ತೇ ಇಲ್ಲ. ಯಾವುದನ್ನು ತಿಳಿಯಲೆಂದು ಸುಳ್ಳು ಹೇಳಿದೆನೋ ಅದನ್ನು ತಿಳಿಯಲಿಲ್ಲ. ಅವನು ಕಣ್ಣಿನಿಂದ ಮರೆಯಾದ ಮೇಲೆ ನನ್ನ ಸೈಕಲ್ಲು ಬಹಳ ಹಿಂದೆ ಉಳಿದುಬಿಟ್ಟಿತ್ತು.

ಬೆಂಗಳೂರಿನ ಓಟದ ದಿನ ಗನಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿದ್ದ. ನರ ಹರಿದಿದೆ ಎಂದರು ಡಾಕ್ಟರು. ನಡೆಯಲು ಬಂತು, ಓಡಲು ಬರಲಿಲ್ಲ. ಮಷೀನನ್ನು ಇನ್ನೊಂದು ಕಾಲಿನಿಂದ ತುಳಿಯುವುದನ್ನು ಕಲಿತ. ಮೇಷ್ಟ್ರು ಬನ್ನಿ ಗಿಡವನ್ನು ಬೈದರು. ಮುಂದಿನ ವರ್ಷದಿಂದ ಯಾರೂ ಎಗರುವುದು ಬ್ಯಾಡ ಎಂದು ಸೊಪ್ಪನ್ನು ಹಿಂದಿನ ದಿನವೇ ಮಾರ್ಕೆಟ್ಟಿನಿಂದ ತರಿಸಿದರು. ಗಿಡದ ಮೇಲೆ ಸ್ವಲ್ಪ ತಪ್ಪು, ಗಡಿಯಾರದ ಮೇಲೆ ಸ್ವಲ್ಪ. ನನ್ನ ಪಾಲಿಗೆ ಏನೂ ಉಳಿಯಲಿಲ್ಲ. ನಾನು ಅವೆರಡರ ನೆರಳಿನಲ್ಲಿ ನಿಂತುಕೊಂಡೆ.

ಗನಿ ಓಟ ಬಿಟ್ಟ ಮೇಲೆ ನನ್ನ ಮಂಡಿ ವಾಸಿಯಾಯಿತು.

ಬಾಗಿಲು ತಟ್ಟುವ ಕೆಲಸವನ್ನು ಗನಿ ತಾನೇ ಕೇಳಿ ತೆಗೆದುಕೊಂಡ. "ಕಾಲು ಓಡಲ್ಲ, ಸೈಕಲ್ ಓಡ್ತೈತಲ್ಲ" ಅಂದ. ಗಡಿಯಾರವನ್ನು ನಾನೇ ಅವನ ಕೈಗೆ ಕಟ್ಟಿದೆ. ಈಗ ಕೊನೆಯ ಬಾಗಿಲು ಮತ್ತೆ ನನ್ನದು. ಮೊದಲ ವಿಜಯದಶಮಿ, ಕತ್ತಲು ಇನ್ನೂ ಹರಿಯುತ್ತಿರುವಾಗ ಅವನು ಬಂದು ತಟ್ಟಿದ. ತೆರೆದೆ. ಒಂದು ಕಾಲು ನೆಲಕ್ಕೆ ಊರಿ ಸೈಕಲ್ಲಿನ ಮೇಲೆಯೇ ಕೂತಿದ್ದ.

"ತಡ ಆತು ಮಂಜಣ್ಣ. ಎಲ್ಲಾರೂ ಹೋಗಿಬಿಟ್ರು. ಓಡು."

ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ — ಅಥವಾ ಅವನು ಹೇಳಿದ್ದನ್ನು ಕೇಳಿದ ಮೇಲೆ, ನಾನು ಹಿಂದಿನ ವರ್ಷ ಹೇಳಿದ್ದನ್ನು ನನ್ನ ನೆನಪು ಅದಕ್ಕೆ ಸರಿಯಾಗಿ ತಿದ್ದಿಕೊಂಡಿರಬಹುದು. ಅವನ ಮುಖದಲ್ಲಿ ನಗು ಇತ್ತು. ನಾನು ಓಡಿದೆ. ಪೂರಾ ಜೀವ ಬಿಟ್ಟು ಓಡಿದೆ, ಹಿಂದೆ ಅವನ ಸೈಕಲ್ಲಿನ ಚೈನಿನ ಸದ್ದು ಕೇಳಿಸುತ್ತಲೇ ಇತ್ತು. ಸೇತುವೆಯನ್ನು ಎಲ್ಲರ ಜೊತೆಗೇ ಮುಟ್ಟಿದೆ. ತಡವಾಗಿರಲಿಲ್ಲ. ಬಳಗ ಇರುವವರೆಗೆ ಪ್ರತಿ ವರ್ಷವೂ ಅವನು ಹೀಗೇ ತಟ್ಟಿದ, ಹೀಗೇ ಹೇಳಿದ. ಪ್ರತಿ ವರ್ಷವೂ ನಾನು ನಂಬದೆ ಓಡಿದೆ. ಅದು ಅವನ ತಮಾಷೆಯೇ, ಎಬ್ಬಿಸುವವನು ಆಡುವ ವಾಡಿಕೆಯ ಮಾತೇ, ಅಥವಾ — ಕೇಳಲಿಲ್ಲ.

ಆಮೇಲೆ ಮಿಲ್ಲುಗಳು ಮುಚ್ಚಿದವು, ಬಳಗ ಚದುರಿತು. ಗನಿ ಹರಿಹರದಲ್ಲಿ ಅಂಗಡಿ ಮಾಡಿದ್ದಾನೆ. ಬಸ್ಸಿನಿಂದ ಅದರ ಬೋರ್ಡು ಕಾಣುತ್ತದೆ. ಈ ವಿಜಯದಶಮಿಗೆ ಅಲ್ಲಿ ಇಳಿಯುತ್ತೇನೆ. ಅವನ ಎದುರು ನಿಂತು ಹೇಳಿದರೆ ಮಾತು ಅಚ್ಚುಕಟ್ಟಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ಮೊದಲು ಇಲ್ಲಿ ಹೇಳಿದ್ದೇನೆ.

ಕ್ಷಮಿಸು ಎಂದು ಕೇಳಲು ಹೋಗುತ್ತಿಲ್ಲ. ಒಂದು ಪ್ರಶ್ನೆ ಕೇಳಬೇಕು. ಹಿಮ್ಮಡಿಯ ಮಾತನ್ನು ಅವನು ನನಗೆ ಎಲ್ಲಿ ಹೇಳಿದ — ಜಗಲಿಯಲ್ಲೋ, ಸೇತುವೆಯಲ್ಲೋ? ಸೇತುವೆಯಲ್ಲಾದರೆ, ಬನ್ನಿ ಗಿಡದವರೆಗಾದರೂ ನಾನು ತಿಳಿಯದೆ ಕೆಡಿಸಿದೆ. ಜಗಲಿಯಲ್ಲಾದರೆ, ನೋಯುವ ಕಾಲೆಂದು ಮೊದಲಿನಿಂದಲೂ ತಿಳಿದೇ ಓಡಿಸಿದೆ.

ನನಗೆ ಗೊತ್ತಿಲ್ಲ. ಅವನಿಗೆ ಗೊತ್ತಿರಬಹುದು.