ಹೌದು, ಇಲ್ಲ ಮತ್ತು ವಾಮನರಾಯ ಮಾಸ್ತರರು

ಇವತ್ತಿನ ಪತ್ರಿಕೆಯ ಮೂರನೆಯ ಪುಟದಲ್ಲಿ ಒಂದು ವಾಕ್ಯ ಕಣ್ಣಿಗೆ ಬಿತ್ತು. ಮಂತ್ರಿಗಳು ಸುದ್ದಿಯನ್ನು ಅಲ್ಲಗಳೆಯದ ಕಾರಣ ಅದು ನಿಜವೆಂಬುದು ಖಚಿತವಾಗಿದೆ, ಎಂದಿತ್ತು. ನಾನು ಪತ್ರಿಕೆಯ ಕೆಲಸ ಬಿಟ್ಟು ಬಹಳ ವರ್ಷಗಳಾದವು. ಆದರೂ ಕೈ ತಾನಾಗಿ ಪೆನ್ನು ಹುಡುಕಿ ‘ಖಚಿತವಾಗಿದೆ’ ಎಂಬುದರ ಮೇಲೆ ಗೀಟು ಎಳೆಯಿತು. ಹೆಂಡತಿ ನೋಡಿ, ಅದು ಆಗಲೇ ಊರೆಲ್ಲ ಹಂಚಿಹೋಗಿದೆ, ತಿದ್ದಿ ಯಾರಿಗೆ ತೋರಿಸುತ್ತೀರಿ ಎಂದಳು. ಯಾರಿಗೆಂದು ನನಗೆ ಗೊತ್ತಿತ್ತು. ಅವರು ಈಗ ಇಲ್ಲ.

ಎಪ್ಪತ್ತರ ದಶಕದ ನಡುವೆ ನಾನು ವಿಜಾಪುರದಿಂದ ಪುಣೆಗೆ ಬಂದು ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾದೆ. ಸದಾಶಿವ ಪೇಠದಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರಲ್ಲಿ ಮಹಡಿಯ ಕೋಣೆ ಸಿಕ್ಕಿತು. ಇಳಿಜಾರು ಮಾಡು, ನೆಟ್ಟಗೆ ನಿಲ್ಲಬೇಕೆಂದರೆ ಕೋಣೆಯ ನಡುವೆಯೇ ನಿಲ್ಲಬೇಕು. ಕೆಳಗಿನ ಮನೆಯಲ್ಲಿ ವಾಮನರಾಯ ಮಾಸ್ತರರು ಮತ್ತು ಅವರ ತಂಗಿ ಇಂದಕ್ಕ ಇದ್ದರು. ಮಾಸ್ತರರು ಧಾರವಾಡದ ಕಡೆಯವರು, ಮದುವೆಯಾಗಿರಲಿಲ್ಲ. ಹಗಲು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು, ಸಂಜೆ ಪಡಸಾಲೆಯಲ್ಲಿ ಕ್ಲಾಸು ನಡೆಸುತ್ತಿದ್ದರು.

ನಮ್ಮ ಸ್ನೇಹ ಬೆಳೆದದ್ದು ನಾನು ಬೈಸಿಕೊಂಡದ್ದರಿಂದ. ನಗರಸಭೆಯ ಅಧಿಕಾರಿಯೊಬ್ಬರು ಒಂದು ವಿಷಯವನ್ನು ನಿರಾಕರಿಸಲಿಲ್ಲ. ನಾನು ಒಪ್ಪಿಕೊಂಡರು ಎಂದು ಬರೆದೆ. ಸುದ್ದಿ ಸಂಪಾದಕರು ಇಡೀ ಸಿಬ್ಬಂದಿಯ ಎದುರು ಆ ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ಅವರು ಒಪ್ಪಿಕೊಂಡದ್ದನ್ನು ನೀನು ಕಿವಿಯಿಂದ ಕೇಳಿದೆಯಾ ಎಂದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಇದನ್ನು ಮಾಸ್ತರರಿಗೆ ಹೇಳಿದೆ. ಅವರು ಚಹಾದ ಬಸಿಯನ್ನು ಕೆಳಗಿಟ್ಟರು.

“ನಿಮ್ಮ ಸಂಪಾದಕರು ಗಣಿತ ಓದ್ಯಾರೇನ್ರಿ?”

ಓದಿಲ್ಲ, ಬಹುಶಃ ಯಾವುದನ್ನೂ ಪೂರ್ತಿ ಓದಿಲ್ಲ, ಎಂದೆ. ಹಾಗಿದ್ದರೂ ಅವರಿಗೆ ಒಂದು ದೊಡ್ಡ ವಿಷಯ ತಿಳಿದಿದೆ ಎಂದು ಮಾಸ್ತರರು ಪಾಠಕ್ಕೆ ಕೂತರು. ಆ ಪಾಠ ಹಲವು ವರ್ಷ ನಡೆಯಿತು.

ಗಣಿತ ಯಾವುದರ ಮೇಲೆ ನಿಂತಿದೆ ಎಂಬ ಜಗಳದಲ್ಲಿ ಮೂರು ಪಕ್ಷಗಳಿವೆಯಂತೆ. ಗಣಿತವೆಲ್ಲ ತರ್ಕದಿಂದಲೇ ಹುಟ್ಟಿದ್ದು ಎನ್ನುವವರು ಮೊದಲನೆಯವರು. ಅದು ಚಿಹ್ನೆಗಳ ಆಟ, ನಿಯಮಗಳು ಒಂದಕ್ಕೊಂದು ತಿಕ್ಕಾಡದಿದ್ದರೆ ಸಾಕು ಎನ್ನುವವರು ಎರಡನೆಯವರು. ಮನುಷ್ಯ ಮನಸ್ಸಿನಲ್ಲಿ ಕಟ್ಟಿ ತೋರಿಸಿದ್ದಷ್ಟೇ ಗಣಿತ, ಕಟ್ಟದಿದ್ದದ್ದು ಇದೆ ಎನ್ನಬೇಡಿ ಎನ್ನುವವರು ಮೂರನೆಯವರು. ಮಾಸ್ತರರು ಮೂರನೆಯ ಪಕ್ಷ. ಪುಣೆಯಲ್ಲಿ ಆ ಪಕ್ಷಕ್ಕೆ ಅವರೊಬ್ಬರೇ ಸದಸ್ಯರೆಂದು ನನ್ನ ಅಂದಾಜು.

“ತರ್ಕ ಪಾಯಾ, ಗಣಿತ ಮನಿ ಅಂತಾರ ಅವರು,” ಎಂದು ಒಮ್ಮೆ ವಾಡೆಯ ಕಂಬ ತಟ್ಟಿ ಹೇಳಿದರು. “ಉಲ್ಟಾ ಅದ. ಮನಿ ಮೊದಲ ಕಟ್ಟಿದ್ರು. ಹೆಂಗ ಕಟ್ಟಿದ್ವಿ ಅಂತ ಆಮ್ಯಾಲ ಬರದಿಟ್ರಲ್ಲ, ಅದು ತರ್ಕ.”

ಅವರಿಗೆ ಸೇರದ ಮಾತೆಂದರೆ ‘ಒಂದೋ ಹೌದು, ಇಲ್ಲವೇ ಇಲ್ಲ’. ಪೈ ಎಂಬ ಸಂಖ್ಯೆಯನ್ನು ಬಿಡಿಸುತ್ತ ಹೋದರೆ ಎಲ್ಲಾದರೂ ನೂರು ಏಳುಗಳು ಸಾಲಾಗಿ ಬರುತ್ತವೆಯೇ ಎಂದು ಕೇಳಿದರು. ಬರುತ್ತವೆ ಅಥವಾ ಬರುವುದಿಲ್ಲ, ಎರಡರಲ್ಲೊಂದು, ಎಂದೆ. ಕೊನೆ ಇಲ್ಲದ್ದನ್ನು ಪೂರ್ತಿ ನೋಡಿ ಬಂದವನ ಹಾಗೆ ಮಾತಾಡುತ್ತೀಯಲ್ಲ ಎಂದರು. ಒಂದು ಸಂಗತಿ ‘ಇಲ್ಲ’ ಎಂದು ತೋರಿಸಲು, ಇದೆ ಎಂದು ಹಿಡಿದು ವಿರೋಧ ಹುಟ್ಟಿಸುವುದನ್ನು ಅವರು ಒಪ್ಪುತ್ತಿದ್ದರು. ಆದರೆ ‘ಇಲ್ಲದಿರಲು ಸಾಧ್ಯವಿಲ್ಲ, ಆದ್ದರಿಂದ ಇದೆ’ ಎಂದು ಯಾರಾದರೂ ಸಾಧಿಸಿದರೆ ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಾಗುತ್ತಿತ್ತು. ಪರೀಕ್ಷೆಗೆ ಬೇಕಾದ್ದರಿಂದ ಕ್ಲಾಸಿನಲ್ಲಿ ಅಂಥ ಸಾಧನೆಗಳನ್ನೂ ಹಲಗೆಯ ಮೇಲೆ ಬರೆಯುವರು. ಬರೆದ ಮೇಲೆ ಮರಾಠಿಯಲ್ಲಿ, “ಲಿಹಾ, ಪಣ ವಿಶ್ವಾಸ ಠೇವೂ ನಕಾ” ಎನ್ನುವರು. ಬರೆದುಕೊಳ್ಳಿ, ಆದರೆ ನಂಬಬೇಡಿ!

ಈ ಶಿಸ್ತು ಗಣಿತದಲ್ಲೇ ನಿಂತಿದ್ದರೆ ನೆರೆಯವರು ಸುಖವಾಗಿರುತ್ತಿದ್ದರು. ಎದುರುಮನೆಯವರು ತಮ್ಮ ಮಗಳಿಗೆ ನೋಡಿದ ವರ ಮಾಸ್ತರರ ಹಳೆಯ ವಿದ್ಯಾರ್ಥಿ. ಹುಡುಗ ಕೆಟ್ಟವನಲ್ಲ ತಾನೇ ಎಂದು ವಿಚಾರಿಸಿದರು. ಕೆಟ್ಟವನೆನ್ನಲು ಪುರಾವೆ ಇಲ್ಲ ಎಂದರು ಮಾಸ್ತರರು. ಅಂದರೆ ಒಳ್ಳೆಯವನು? ಅದಕ್ಕೂ ಇಲ್ಲ. ಆ ಸಂಬಂಧ ಅಲ್ಲಿಗೇ ಮುರಿಯಿತು. ಇಂದಕ್ಕ ಎರಡು ದಿನ ಅಣ್ಣನೊಡನೆ ಮಾತು ಬಿಟ್ಟರು.

ಇಂದಕ್ಕನ ಬಗ್ಗೆ ಹೇಳಲೇಬೇಕು. ಹಿರಿಯರು ಗೊತ್ತು ಮಾಡಿದ ಮದುವೆ. ಗಂಡ ದೇಹೂ ರೋಡಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿ ವರ್ಷ ತುಂಬುವ ಮೊದಲು, ಎಪ್ಪತ್ತೊಂದರಲ್ಲಿ, ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಕಚೇರಿ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಪೊಲೀಸರು ಹುಡುಕಿದರು, ಪತ್ರಿಕೆಗಳಲ್ಲಿ ಚಿತ್ರ ಬಂತು. ಹೆಣ ಸಿಗಲಿಲ್ಲ, ಕಂಡೆವೆಂದವರೂ ಸಿಗಲಿಲ್ಲ. ಮಾಸ್ತರರು ತಂಗಿಯನ್ನು ಕರೆತಂದರು. ಆಕೆ ಟೈಪಿಂಗ್ ಕಲಿತು ಔಷಧಿ ವ್ಯಾಪಾರಿಯೊಬ್ಬರ ಕಚೇರಿ ಸೇರಿದರು. ಪೇಠದ ಹೆಂಗಸರು ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಇಂದಕ್ಕನನ್ನು ಕರೆಯಬೇಕೋ ಬೇಡವೋ ತಿಳಿಯದೆ ಗಲ್ಲಿಯಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ಕೆಲವರು ಕರೆದರು, ಕೆಲವರು ಬಿಟ್ಟರು. ಕೊನೆಗೆ ಇಂದಕ್ಕನೇ ಹೋಗುವುದನ್ನು ಬಿಟ್ಟರು.

ಗಂಡನ ಮನೆಯವರು ಆಗಾಗ ಬಂದು, ಏನಾದರೊಂದು ತೀರ್ಮಾನವಾಗಲಿ ಎನ್ನುತ್ತಿದ್ದರು. ಮಾಸ್ತರರು ಪ್ರತಿ ಸಲ, ಪುರಾವೆ ಎಲ್ಲಿದೆ ಎಂದು ಅವರನ್ನು ಮರಳಿ ಕಳಿಸುತ್ತಿದ್ದರು. ಮಾಸ್ತರರ ಗಣಿತ ಅವರನ್ನು ಹೀಗೆ ಮಾಡಿತೆಂದು ನಾನು ಮೊದಲು ತಿಳಿದಿದ್ದೆ. ತಂಗಿಯ ಹಣೆಯ ಕುಂಕುಮ ಕಾಯಲೆಂದೇ ಮೂರನೆಯ ಪಕ್ಷ ಸೇರಿದರೇನೋ ಎಂದು ಆಮೇಲೆ ಅನ್ನಿಸಿತು. ಯಾವುದು ಮೊದಲೆಂದು ನಾನು ಕೇಳಲಿಲ್ಲ.

ಎಂಬತ್ತಮೂರರ ಚಳಿಗಾಲದ ಒಂದು ಭಾನುವಾರ, ಊಟದ ಹೊತ್ತಿನ ನಂತರ, ಇಂದಕ್ಕನ ಭಾವ, ಅಂದರೆ ಗಂಡನ ಅಣ್ಣ, ಸೊಲ್ಲಾಪುರದಿಂದ ಬಂದರು. ಜೊತೆಗೆ ವಯಸ್ಸಾದ ಆಚಾರ್ಯರೊಬ್ಬರು. ಹೊರಗಿನವನೊಬ್ಬ ಇರಲಿ ಎಂದು ಮಾಸ್ತರರು ನನ್ನನ್ನು ಕೆಳಗೆ ಕರೆದರು. ಭಾವ ಒರಟರಲ್ಲ. ತಾಯಿ ಹಾಸಿಗೆ ಹಿಡಿದಿದ್ದಾರೆ, ಕಣ್ಣು ಮುಚ್ಚುವ ಮೊದಲು ಮಗನಿಗೆ ಎಳ್ಳುನೀರು ಬಿಟ್ಟದ್ದನ್ನು ಕೇಳಬೇಕೆನ್ನುತ್ತಾರೆ ಎಂದರು. ಶಾಸ್ತ್ರ ಹೇಳುವ ಹನ್ನೆರಡು ವರ್ಷ ಕಳೆದಿದೆ. ಹೆಣದ ಬದಲು ಮುತ್ತುಗದ ಎಲೆಯಲ್ಲಿ ಆಕೃತಿ ಮಾಡಿ ದಹಿಸಬಹುದು, ಹೆಂಡತಿ ಒಪ್ಪಬೇಕು.

“ಮಾಸ್ತರ, ಇದ್ದಾನ, ಇಲ್ಲಾ ಸತ್ತಾನ. ಎರಡರಾಗ ಒಂದು ಹೇಳಿಬಿಡ್ರಿ.”

“ಎರಡರಾಗ ಒಂದು ನಮ್ಮ ಕೈಯಾಗ ಅದ ಅಂತ ಯಾರು ಹೇಳಿದ್ರು ನಿಮಗ?”

ಮಾಸ್ತರರು ಆಮೇಲೆ ತಮ್ಮ ಕೊನೆಯ ಬಾಣ ಬಿಟ್ಟರು. ಸುಟ್ಟ ಮೇಲೆ, ಮುಂದಿನ ತಿಂಗಳು ಅವನು ಬಾಗಿಲಿಗೆ ಬಂದು ನಿಂತರೆ ಏನು ಮಾಡುತ್ತೀರಿ?

ಆಚಾರ್ಯರು ವಿಚಲಿತರಾಗಲಿಲ್ಲ. “ಅದಕ್ಕೂ ವಿಧಿ ಅದರಿ,” ಎಂದರು. ಬಂದವನನ್ನು ಹೊಸದಾಗಿ ಹುಟ್ಟಿದವನಂತೆ ಕಾಣಬೇಕು. ಜಾತಕರ್ಮ, ನಾಮಕರಣ, ಮುಂಜಿವೆ ಎಲ್ಲ ಮತ್ತೆ ಆಗಬೇಕು. ಕೊನೆಗೆ ಅದೇ ಹೆಂಡತಿಯೊಡನೆ ಮತ್ತೆ ಮದುವೆ.

ಮಾಸ್ತರರು ನೆಟ್ಟಗೆ ಕೂತರು. ಸತ್ತ ಎಂದು ನೀವು ಸಾಧಿಸುತ್ತಿಲ್ಲ, ಸತ್ತ ಎಂದು ಹಿಡಿದು ನಡೆಯುತ್ತೀರಿ, ಹಿಂದಕ್ಕೆ ಪಡೆಯಲು ಬಾಗಿಲನ್ನೂ ಇಟ್ಟಿದ್ದೀರಿ, ಎಂದು ಖುಷಿಯಿಂದ ವಿವರಿಸತೊಡಗಿದರು. ಹೆಸರು ನೀವು ಏನಾದರೂ ಇಡಿ ಎಂದರು ಆಚಾರ್ಯರು. ಮಾತು ಯಾರ ಗಂಡನದೆಂಬುದು ಮಾಸ್ತರರಿಗೆ ಆ ಗಳಿಗೆ ಮರೆತೇ ಹೋಗಿತ್ತು.

ಇಂದಕ್ಕ ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಆಚಾರ್ರ, ಆ ಎರಡನೇ ಲಗ್ನಕ್ಕ ನನ್ನ ಕೇಳ್ತಾರೇನ್ರಿ? ಮೊದಲಿನದಕ್ಕ ಯಾರೂ ಕೇಳಿದ್ದಿಲ್ಲ.”

“ಹೊಸಾ ಲಗ್ನ ಅಂದಮ್ಯಾಲ ಕೇಳಬೇಕವಾ.”

“ಒಲ್ಲೆ ಅಂದ್ರ?”

ಆಚಾರ್ಯರು ಭಾವನ ಮುಖ ನೋಡಿದರು. ಭಾವ ನೆಲ ನೋಡಿದರು.

“ಒಲ್ಲೆ ಅಂದ್ರ ಆಗೂದಿಲ್ಲ.”

“ಹಂಗಾರ ಮಾಡಿಸ್ರಿ,” ಎಂದು ಇಂದಕ್ಕ ತಾಟನ್ನು ಕೆಳಗಿಟ್ಟರು.

ಮಾಸ್ತರರ ಸಂತೋಷ ಇಳಿದುಹೋಯಿತು. “ಇಂದೂ, ಇಷ್ಟು ವರ್ಷ ನಾ ಅವರನ್ನ ವಾಪಸ್ ಕಳಿಸಿದ್ನಲ್ಲ. ನಿನಗ ಅದು ಬ್ಯಾಡಾಗಿತ್ತೇನು?”

“ನಾ ಬ್ಯಾಡ ಅನ್ನಲಿಲ್ಲಣ್ಣ. ಅದನ್ನ ನೀ ಹೌದು ಅಂತ ಹಿಡದಿ.”

‘ಬೇಡ ಅನ್ನಲಿಲ್ಲ, ಆದ್ದರಿಂದ ಹೌದು’ ಎಂದು ಹಲಗೆಯ ಮೇಲೆ ಬೇರೆ ಯಾರು ಬರೆದಿದ್ದರೂ ಮಾಸ್ತರರು ಒರೆಸಿ ಹಾಕುತ್ತಿದ್ದರು. ಒಂದೇ ಕಡೆ ಅವರ ಶಿಸ್ತು ತಪ್ಪಿತ್ತು, ಅದೂ ಪ್ರೀತಿಯಿಂದ. ಅವರು ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು. ಇಂದಕ್ಕ ಬಂದು ಅಣ್ಣನ ಕೈಗೆ ಚಹಾ ಕೊಟ್ಟು, ಆರಿಹೋಗತದ ಕುಡಿ, ಎಂದರು.

ನದಿಯ ದಂಡೆಯಲ್ಲಿ ಕರ್ಮ ಆಯಿತು. ಮುತ್ತುಗದ ಎಲೆ ಹುಡುಕಿ ತಂದವರು ಮಾಸ್ತರರೇ. ಮನೆಗೆ ಮರಳಿದ ಮೇಲೆ ಅವರು, ಕುಂಕುಮ ಏನು ಮಾಡುತ್ತೀ ಎಂದು ತಂಗಿಯನ್ನು ಕೇಳಿದರು. ಈ ಸಲ ಕೇಳಿದರು. ಸಣ್ಣದು ಇಡತೀನಿ, ನನಗ ಛಂದ ಕಾಣತದ, ಎಂದರು ಇಂದಕ್ಕ. ಪೇಠದವರು ಒಂದು ವರ್ಷ ಆಡಿಕೊಂಡು ಸುಮ್ಮನಾದರು. ಗಂಡ ಬರಲೇ ಇಲ್ಲ.

ಇವತ್ತು ಮಧ್ಯಾಹ್ನ ನಾನು ಇಂದಕ್ಕನಿಗೆ ಫೋನ್ ಮಾಡಿದೆ. ಈಗ ವಿಮಾನ ನಗರದಲ್ಲಿ ಸೋದರಸಂಬಂಧಿಯ ಮಗಳ ಮನೆಯಲ್ಲಿದ್ದಾರೆ. ಪತ್ರಿಕೆಯ ವಾಕ್ಯ ಓದಿ ಹೇಳಿದೆ, ನಕ್ಕರು. ಆಮೇಲೆ ನಾಲ್ಕು ದಶಕ ಕೇಳದೆ ಬಿಟ್ಟಿದ್ದ ಪ್ರಶ್ನೆ ಬಾಯಿಗೆ ಬಂತು. ಅವರು ಬಂದಿದ್ದರೆ ಆ ಎರಡನೇ ಲಗ್ನಕ್ಕೆ ಹೂಂ ಅನ್ನುತ್ತಿದ್ದಿರೇನು?

“ಬರಲಿಲ್ಲಲ್ಲರಿ. ಬಾರದವರಿಗೆ ಉತ್ತರಾ ಯಾಕ ಮಾಡಿಡ್ಲಿ?”

ಇಂಥ ಉತ್ತರ ಬಂದಾಗ ಇನ್ನೊಂದು ಪ್ರಶ್ನೆ ಹಾಕಿ ಹೌದೋ ಅಲ್ಲವೋ ಎಂದು ಹೊರಡಿಸುವುದು ನನ್ನ ಕಸುಬಿನ ವಾಡಿಕೆ. ಹಾಕಲಿಲ್ಲ. ಊಟ ಆಯಿತೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು.